ಅರೇ ಒಳಗಿನ ಅಂಶಗಳ ಟೈಪನ್ನು ರಿಫ್ಲೆಕ್ಷನ್ ಮೂಲಕ ಪರೀಕ್ಷಿಸುವ ಕ್ರಮ

ಕೆಲವು ವರ್ಷಗಳ ಹಿಂದೆ ನಾನು ಒಂದು ವರದಿ ತಯಾರಿಸುವ ಉಪಕರಣವನ್ನು ಜಾವಾದಲ್ಲಿ ಬರೆದಿದ್ದೆ. ಯಾವುದೇ ಆಬ್ಜೆಕ್ಟ್ ಕೊಟ್ಟರೂ ಅದರ ಫೀಲ್ಡುಗಳನ್ನೆಲ್ಲ ಓದಿ, ಒಂದೊಂದನ್ನು ಒಂದೊಂದು ಸಾಲಾಗಿ ಬರೆದುಕೊಡುವುದು ಅದರ ಕೆಲಸ. ಫೀಲ್ಡಿನಲ್ಲಿ ಅರೇ (ಅಂಶಗಳ ಸಾಲು) ಇದ್ದರೆ ಅದನ್ನು ಆಬ್ಜೆಕ್ಟ್[] ಎಂದು ಕಾಸ್ಟ್ ಮಾಡಿ, ಅಂದರೆ ಆಬ್ಜೆಕ್ಟುಗಳ ಅರೇ ಎಂದೇ ಪರಿಗಣಿಸುವಂತೆ ಹೇಳಿ, ಲೂಪಿನಲ್ಲಿ ಅಂಶಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಹೆಸರುಗಳ ಅರೇ, ದಿನಾಂಕಗಳ ಅರೇ ಎಲ್ಲವೂ ಸರಿಯಾಗಿ ಬರುತ್ತಿದ್ದುದರಿಂದ ಆ ಸಾಲಿನ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಒಂದು ದಿನ ಅಂಕಗಳ ಇಂಟ್[] (ಪೂರ್ಣಾಂಕಗಳ ಅರೇ) ಇದ್ದ ಆಬ್ಜೆಕ್ಟ್ ಬಂತು, ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎಂಬ ಟೈಪ್ ದೋಷ ಬಿದ್ದು ಇಡೀ ವರದಿ ನಿಂತುಹೋಯಿತು. ಅಂದು ದೋಷವನ್ನು ಸರಿಪಡಿಸಲು ಕೂತಾಗ, ಅರೇಯ ಟೈಪ್ ಎಂಬ ಒಂದೇ ಮಾತಿನಲ್ಲಿ ನಾನು ಮೂರು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಟ್ಟಿದ್ದೆ ಎಂಬುದು ತಿಳಿಯಿತು. ಆ ಮೂರನ್ನು ಬಿಡಿಸಿಕೊಂಡು, ರಿಫ್ಲೆಕ್ಷನ್ ಮೂಲಕ, ಅಂದರೆ ಓಡುತ್ತಿರುವ ಪ್ರೋಗ್ರಾಮ್ ತನ್ನದೇ ಕ್ಲಾಸ್, ಫೀಲ್ಡ್, ಟೈಪುಗಳನ್ನು ಪರಿಶೀಲಿಸುವ ಸೌಲಭ್ಯದ ಮೂಲಕ, ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು ಎಂಬುದನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಬರವಣಿಗೆಯ ಬಗ್ಗೆ ಒಂದು ಸೂಚನೆ. ಇಲ್ಲಿ ಕ್ಲಾಸ್ ಮತ್ತು ಮೆಥಡ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೋಡ್ ಬರೆಯುವಾಗ ಅವನ್ನೂ ಜಾವಾದ ಮೀಸಲು ಪದಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ನೀವೇ ಇಡುವ ವೇರಿಯಬಲ್ ಹೆಸರುಗಳು ಕನ್ನಡದಲ್ಲಿರಬಹುದು. ಜಾವಾ ಯೂನಿಕೋಡ್ ಅಕ್ಷರಗಳನ್ನು ಹೆಸರುಗಳಲ್ಲಿ ಒಪ್ಪುತ್ತದೆ, ಆದ್ದರಿಂದ ಕೆಳಗಿನ ಉದಾಹರಣೆಗಳ "ಪೆಟ್ಟಿಗೆ", "ವಸ್ತು", "ಆಳ" ಎಂಬ ಹೆಸರುಗಳನ್ನು ಇದ್ದಂತೆಯೇ ಬಳಸಿದರೂ ಪ್ರೋಗ್ರಾಮ್ ಕಂಪೈಲ್ ಆಗುತ್ತದೆ.

ಮೂರು ಟೈಪ್‌ಗಳು

ಈ ಒಂದು ಸಾಲನ್ನು ಗಮನಿಸಿ:

ಆಬ್ಜೆಕ್ಟ್[] ಪೆಟ್ಟಿಗೆ = ನ್ಯೂ ನಂಬರ್[3];

ನಂಬರ್ ಎಂಬುದು ಇಂಟೀಜರ್, ಡಬಲ್ ಮುಂತಾದ ಸಂಖ್ಯೆಯ ಕ್ಲಾಸುಗಳ ತಾಯಿ ಕ್ಲಾಸ್. ಇದರ ಅರೇಯ ಮೊದಲ ಸ್ಥಾನದಲ್ಲಿ ಒಂದು ಇಂಟೀಜರ್, ಎರಡನೆಯದರಲ್ಲಿ ಒಂದು ಡಬಲ್ ಆಬ್ಜೆಕ್ಟ್ ಇಟ್ಟಿದ್ದೇವೆ, ಮೂರನೆಯದನ್ನು ಖಾಲಿ ಬಿಟ್ಟಿದ್ದೇವೆ ಎಂದುಕೊಳ್ಳೋಣ. ಈಗ ಈ ಅರೇಯ ಟೈಪ್ ಯಾವುದು ಎಂದು ಕೇಳಿದರೆ ಮೂರು ಉತ್ತರಗಳಿವೆ. ಕಂಪೈಲರ್ ನೋಡುವುದು ವೇರಿಯಬಲ್ಲಿನ ಘೋಷಿತ ಟೈಪನ್ನು ಮಾತ್ರ, ಅದು ಆಬ್ಜೆಕ್ಟ್[]. ಪ್ರೋಗ್ರಾಮ್ ಓಡುವಾಗ ಮೆಮೊರಿಯಲ್ಲಿರುವ ಅರೇ ತಾನು ಹುಟ್ಟಿದಾಗ ಪಡೆದ ಟೈಪನ್ನು ಕೊನೆಯವರೆಗೂ ತನ್ನೊಂದಿಗೇ ಇಟ್ಟುಕೊಂಡಿರುತ್ತದೆ, ಅದು ನಂಬರ್[]. ಇನ್ನು ಒಳಗಿರುವ ಅಂಶಗಳಿಗೆ ತಮ್ಮದೇ ಟೈಪ್ ಇದೆ: ಒಂದು ಇಂಟೀಜರ್, ಇನ್ನೊಂದು ಡಬಲ್, ಮೂರನೆಯದು ನಲ್ ಆದ್ದರಿಂದ ಅದಕ್ಕೆ ಟೈಪೇ ಇಲ್ಲ. ರಿಫ್ಲೆಕ್ಷನ್ ಈ ಮೂರರ ಬಗ್ಗೆಯೂ ಉತ್ತರ ಕೊಡಬಲ್ಲದು, ಆದರೆ ಒಂದೊಂದಕ್ಕೂ ಬೇರೆ ಬೇರೆ ಬಾಗಿಲನ್ನು ತಟ್ಟಬೇಕು. ಘೋಷಿತ ಟೈಪ್ ಬೇಕಾದರೆ ಫೀಲ್ಡ್ ಅಥವಾ ಮೆಥಡ್ ಅನ್ನು ಕೇಳಬೇಕು, ಅರೇಯ ಸ್ವಂತ ಟೈಪ್ ಬೇಕಾದರೆ ಅರೇ ಆಬ್ಜೆಕ್ಟನ್ನೇ ಕೇಳಬೇಕು, ಅಂಶದ ಟೈಪ್ ಬೇಕಾದರೆ ಆಯಾ ಅಂಶವನ್ನು ಹೊರತೆಗೆದು ಕೇಳಬೇಕು.

ನಂಬರ್[] ಅನ್ನು ಆಬ್ಜೆಕ್ಟ್[] ವೇರಿಯಬಲ್ಲಿನಲ್ಲಿ ಇಡಲು ಜಾವಾ ಒಪ್ಪುವುದಕ್ಕೆ ಚಾರಿತ್ರಿಕ ಕಾರಣವಿದೆ. ಜೆನೆರಿಕ್ಸ್, ಅಂದರೆ ಕ್ಲಾಸ್ ಅಥವಾ ಮೆಥಡ್ ಬಳಸುವಾಗ ಅದರ ಟೈಪನ್ನು ಬಳಸುವವರೇ ಸೂಚಿಸುವ ಸೌಲಭ್ಯ, ಬಂದದ್ದು 2004ರ ಜಾವಾ 5ರಲ್ಲಿ. ಅದಕ್ಕೆ ಮೊದಲು, ಯಾವ ಆಬ್ಜೆಕ್ಟುಗಳ ಅರೇಯಾದರೂ ಸರಿ, ಅದನ್ನು ವಿಂಗಡಿಸುವ ಅಥವಾ ಹೋಲಿಸುವ ಒಂದೇ ಮೆಥಡ್ ಬರೆಯಬೇಕಾದರೆ ಈ ಸಡಿಲಿಕೆ ಅಗತ್ಯವಾಗಿತ್ತು. ಅದಕ್ಕೆ ತೆತ್ತ ಬೆಲೆ ಎಂದರೆ, ಇಂಥ ಅರೇಗೆ ಒಂದು ಅಂಶವನ್ನು ಬರೆಯುವಾಗಲೆಲ್ಲ ಜಾವಾ ವರ್ಚುವಲ್ ಮಷೀನ್ ಆ ಅಂಶ ಅರೇಯ ನಿಜವಾದ ಟೈಪಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಮೇಲಿನ ಪೆಟ್ಟಿಗೆಗೆ ಒಂದು ಸ್ಟ್ರಿಂಗ್ ಹಾಕಲು ಹೋದರೆ ಕಂಪೈಲರ್ ಸುಮ್ಮನಿರುತ್ತದೆ, ಓಡುವಾಗ ಅರೇಸ್ಟೋರ್‌ಎಕ್ಸೆಪ್ಶನ್ ಬರುತ್ತದೆ. ಆ ಪರೀಕ್ಷೆ ಸಾಧ್ಯವಾಗಬೇಕಾದರೆ ಅರೇಗೆ ತನ್ನ ಟೈಪ್ ಗೊತ್ತಿರಲೇಬೇಕು, ಮತ್ತು ನಮ್ಮ ರಿಫ್ಲೆಕ್ಷನ್ ಓದುವುದು ಅದೇ ಮಾಹಿತಿಯನ್ನು.

ಮೊದಲ ಹಂತ: ಕೈಯಲ್ಲಿರುವುದು ಅರೇಯೇ?

ರಿಫ್ಲೆಕ್ಷನ್ ಸೌಲಭ್ಯ ಜಾವಾಗೆ ಬಂದದ್ದು 1997ರ 1.1 ಆವೃತ್ತಿಯಲ್ಲಿ, ಮತ್ತು ಈ ಹಂತಕ್ಕೆ ಬೇಕಾದ ಮೆಥಡ್‌ಗಳು ಅಂದಿನಿಂದಲೂ ಬದಲಾಗಿಲ್ಲ. ಮೊದಲು ವಸ್ತು ನಲ್ ಅಲ್ಲವೆಂದು ಖಚಿತಪಡಿಸಿಕೊಂಡು, ಅದರ ಮೇಲೆ ಗೆಟ್‌ಕ್ಲಾಸ್() ಕರೆದು, ಸಿಕ್ಕ ಕ್ಲಾಸ್ ಆಬ್ಜೆಕ್ಟಿನ ಮೇಲೆ ಇಸ್‌ಅರೇ() ಕರೆಯಿರಿ. ಇದರ ಬದಲಿಗೆ ಇನ್‌ಸ್ಟೆನ್ಸ್‌ಆಫ್ ಬಳಸಿ ಆಬ್ಜೆಕ್ಟ್[] ಹೌದೇ ಎಂದು ನೋಡುವುದು ಅರ್ಧ ಉತ್ತರವಷ್ಟೇ: ಸ್ಟ್ರಿಂಗ್[] ಮತ್ತು ಇಂಟ್[][] ಆ ಪರೀಕ್ಷೆಯಲ್ಲಿ ಪಾಸಾಗುತ್ತವೆ, ಆದರೆ ಇಂಟ್[] ಆಗುವುದಿಲ್ಲ. ಇಂಟ್[][] ಪಾಸಾಗುವುದೇಕೆಂದರೆ ಅದರ ಒಂದೊಂದು ಅಂಶವೂ ಇಂಟ್[], ಅಂದರೆ ಒಂದು ಆಬ್ಜೆಕ್ಟ್. ಇಂಟ್[]ನ ಅಂಶವಾದರೋ ಆಬ್ಜೆಕ್ಟ್ ಅಲ್ಲವೇ ಅಲ್ಲ. ನನ್ನ ವರದಿ ಮುರಿದುಬಿದ್ದದ್ದು ಇದೇ ಜಾಗದಲ್ಲಿ. ಅರೇಲಿಸ್ಟ್ ಎಂಬುದು ಹೆಸರಿನಲ್ಲಿ ಅರೇ ಎಂದಿದ್ದರೂ ಅರೇ ಅಲ್ಲ. ಇಸ್‌ಅರೇ() ಅದಕ್ಕೆ ಫಾಲ್ಸ್ ಎಂದೇ ಹೇಳುತ್ತದೆ.

ಎರಡನೆಯ ಹಂತ: ಒಂದು ಪದರ ಕೆಳಗೆ, ನಂತರ ತಳದವರೆಗೆ

ಅರೇಯ ಕ್ಲಾಸ್ ಆಬ್ಜೆಕ್ಟಿನ ಮೇಲೆ ಗೆಟ್‌ಕಾಂಪೊನೆಂಟ್‌ಟೈಪ್() ಕರೆದರೆ ಅದರ ಒಂದು ಪದರ ಒಳಗಿನ ಟೈಪ್ ಸಿಗುತ್ತದೆ. ಸ್ಟ್ರಿಂಗ್[]ಗೆ ಸ್ಟ್ರಿಂಗ್, ಇಂಟ್[]ಗೆ ಇಂಟ್. ಅರೇ ಅಲ್ಲದ ಕ್ಲಾಸಿನ ಮೇಲೆ ಕರೆದರೆ ಎಕ್ಸೆಪ್ಶನ್ ಬರುವುದಿಲ್ಲ, ನಲ್ ಬರುತ್ತದೆ. ಆದ್ದರಿಂದ ಇಸ್‌ಅರೇ() ಪರೀಕ್ಷೆಯನ್ನು ಬಿಟ್ಟವರಿಗೆ ದೋಷ ಇಲ್ಲಿ ಕಾಣಿಸದೆ ಮುಂದೆಲ್ಲೋ ಕಾಣಿಸಿಕೊಳ್ಳುತ್ತದೆ. 2019ರ ಜಾವಾ 12ರಿಂದ ಕಾಂಪೊನೆಂಟ್‌ಟೈಪ್() ಎಂಬ ಇನ್ನೊಂದು ಮೆಥಡ್ ಇದೆ. ಇದೂ ಅದೇ ಉತ್ತರವನ್ನೇ ಕೊಡುತ್ತದೆ. ಹಳೆಯ ಆವೃತ್ತಿಗಳಲ್ಲೂ ಓಡಬೇಕಾದ ಕೋಡಿಗೆ ಹಳೆಯದೇ ಕ್ಷೇಮ.

ಜಾವಾ ಭಾಷೆಯ ಅಧಿಕೃತ ವಿವರಣೆಯಲ್ಲಿ ಕಾಂಪೊನೆಂಟ್ ಟೈಪ್ ಮತ್ತು ಎಲಿಮೆಂಟ್ ಟೈಪ್ ಎಂಬ ಎರಡು ಪ್ರತ್ಯೇಕ ಪದಗಳಿವೆ, ಅವುಗಳ ವ್ಯತ್ಯಾಸವನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ಇಂಟ್[][]ನ ಕಾಂಪೊನೆಂಟ್ ಟೈಪ್ ಇಂಟ್[], ಆದರೆ ಎಲಿಮೆಂಟ್ ಟೈಪ್ ಇಂಟ್. ಜಾವಾದಲ್ಲಿ ನಿಜವಾದ ಎರಡು ಆಯಾಮದ ಅರೇ ಎಂಬುದಿಲ್ಲ, ಅರೇಗಳ ಅರೇ ಮಾತ್ರ ಇದೆ. ತಳದಲ್ಲಿರುವ ಟೈಪ್ ಬೇಕಾದರೆ ಪದರಗಳನ್ನು ಒಂದೊಂದಾಗಿ ಬಿಡಿಸಬೇಕು:

ಕ್ಲಾಸ್<?> ಟೈಪ್ = ವಸ್ತು.ಗೆಟ್‌ಕ್ಲಾಸ್();
ಇಂಟ್ ಆಳ = 0;
ವೈಲ್ (ಟೈಪ್.ಇಸ್‌ಅರೇ()) {
    ಟೈಪ್ = ಟೈಪ್.ಗೆಟ್‌ಕಾಂಪೊನೆಂಟ್‌ಟೈಪ್();
    ಆಳ++;
}

ಲೂಪ್ ಮುಗಿದಾಗ "ಟೈಪ್" ಎಂಬುದರಲ್ಲಿ ಎಲಿಮೆಂಟ್ ಟೈಪೂ "ಆಳ" ಎಂಬುದರಲ್ಲಿ ಆಯಾಮಗಳ ಸಂಖ್ಯೆಯೂ ಇರುತ್ತವೆ. ಜಾವಾದಲ್ಲಿ ಒಂದು ಅರೇಗೆ 255ಕ್ಕಿಂತ ಹೆಚ್ಚು ಆಯಾಮ ಇರುವಂತಿಲ್ಲವಾದ್ದರಿಂದ ಈ ಲೂಪ್ ಎಂದೂ ಬಹಳ ಹೊತ್ತು ಓಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಆಬ್ಜೆಕ್ಟ್[] ಆಗಿಯೇ ಹುಟ್ಟಿದ ಒಂದು ಅರೇಯ ಒಳಗೆ ಯಾರಾದರೂ ಇಂಟ್[] ಒಂದನ್ನು ಅಂಶವಾಗಿ ಇಟ್ಟಿದ್ದರೆ ಈ ಲೂಪ್ ಅದನ್ನು ಕಾಣುವುದಿಲ್ಲ. ಆಳ 1, ಟೈಪ್ ಆಬ್ಜೆಕ್ಟ್ ಎಂದು ಹೇಳಿ ನಿಲ್ಲುತ್ತದೆ. ಅದು ತಪ್ಪಲ್ಲ, ಏಕೆಂದರೆ ನಾವು ಕೇಳಿದ್ದು ಅರೇಯ ಟೈಪನ್ನೇ ಹೊರತು ಅಂಶಗಳ ಟೈಪನ್ನಲ್ಲ.

ಇದೇ ಹಂತದಲ್ಲಿ ಅರೇಯ ಒಂದು ಒಳ್ಳೆಯ ಗುಣವೂ ಕಾಣುತ್ತದೆ. ಉದ್ದ ಸೊನ್ನೆಯಾಗಿರುವ, ಒಳಗೆ ಏನೂ ಇಲ್ಲದ ಸ್ಟ್ರಿಂಗ್[] ಕೂಡ ತಾನು ಸ್ಟ್ರಿಂಗ್‌ಗಳ ಅರೇ ಎಂದು ಹೇಳಬಲ್ಲದು. ಖಾಲಿ ಅರೇಲಿಸ್ಟ್ ಒಂದನ್ನು ಕೇಳಿದರೆ ಇಂಥ ಉತ್ತರ ಸಿಗುವುದಿಲ್ಲ, ಏಕೆಂದರೆ ಜೆನೆರಿಕ್ಸ್‌ನ ಟೈಪ್ ಮಾಹಿತಿಯನ್ನು ಕಂಪೈಲ್ ಹಂತದಲ್ಲಿಯೇ ಅಳಿಸಲಾಗುತ್ತದೆ.

ಮೂರನೆಯ ಹಂತ: ಟೈಪಿನ ಹೆಸರನ್ನು ಓದುವಂತೆ ಮುದ್ರಿಸುವುದು

ಅರೇಯನ್ನು ನೇರವಾಗಿ ಪ್ರಿಂಟ್ ಮಾಡಿದವರೆಲ್ಲ ತೆರೆದ ಚೌಕಾವರಣ, ಒಂದು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಒಂದಷ್ಟು ಅಂಕಿಗಳು ಬರುವುದನ್ನು ಕಂಡಿರುತ್ತಾರೆ. ಮೊದಲ ಭಾಗ ಗೆಟ್‌ನೇಮ್() ಕೊಡುವ ಹೆಸರು. ಒಂದೊಂದು ಚೌಕಾವರಣವೂ ಒಂದೊಂದು ಆಯಾಮ. ನಂತರದ ಅಕ್ಷರ ಎಲಿಮೆಂಟ್ ಟೈಪಿನ ಸಂಕೇತ. ಐ ಎಂದರೆ ಇಂಟ್, ಡಿ ಎಂದರೆ ಡಬಲ್, ಬಿ ಎಂದರೆ ಬೈಟ್, ಹೀಗೆ ಹೆಚ್ಚಿನವು ಊಹಿಸಬಹುದಾದವು. ಎರಡು ಮಾತ್ರ ಅನಿರೀಕ್ಷಿತ: ಬಿ ಅಕ್ಷರ ಬೈಟ್‌ಗೆ ಹೋದ್ದರಿಂದ ಬೂಲಿಯನ್‌ಗೆ ಝಡ್ ಸಿಕ್ಕಿದೆ, ಎಲ್ ಅಕ್ಷರವನ್ನು ಕ್ಲಾಸುಗಳಿಗೆ ಮೀಸಲಿಟ್ಟದ್ದರಿಂದ ಲಾಂಗ್‌ಗೆ ಜೆ ಸಿಕ್ಕಿದೆ. ಕ್ಲಾಸುಗಳಾದರೆ ಎಲ್ ನಂತರ ಪೂರ್ಣ ಹೆಸರು ಬಂದು ಕೊನೆಯಲ್ಲಿ ಸೆಮಿಕೋಲನ್ ಇರುತ್ತದೆ. ಲಾಗ್ ಫೈಲ್ ಓದುವಾಗ ಈ ಸಂಕೇತಗಳು ಗೊತ್ತಿದ್ದರೆ ಬಹಳ ಸಮಯ ಉಳಿಯುತ್ತದೆ.

ಬಳಕೆದಾರರಿಗೆ ತೋರಿಸುವ ಸಂದೇಶದಲ್ಲಿ ಇದನ್ನು ಹಾಕಬೇಡಿ. 2014ರ ಜಾವಾ 8ರಲ್ಲಿ ಬಂದ ಗೆಟ್‌ಟೈಪ್‌ನೇಮ್() ಇದನ್ನೇ ನಾವು ಕೋಡಿನಲ್ಲಿ ಬರೆಯುವ ರೂಪದಲ್ಲಿ, ಇಂಟ್[] ಎಂದೇ ಕೊಡುತ್ತದೆ. ಆದರೆ ಹೆಸರಿನಿಂದ ಕ್ಲಾಸನ್ನು ಮತ್ತೆ ಪಡೆಯಬೇಕಾದಾಗ ಕ್ಲಾಸ್.ಫಾರ್‌ನೇಮ್() ಕೇಳುವುದು ಗೆಟ್‌ನೇಮ್() ಕೊಟ್ಟ ಆ ಸಂಕೇತರೂಪವನ್ನೇ.

ನಾಲ್ಕನೆಯ ಹಂತ: ಪ್ರಿಮಿಟಿವ್ ಅರೇಗಳು

ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಜಾವಾದಲ್ಲಿ ಇಂಟ್, ಡಬಲ್, ಬೂಲಿಯನ್ ಮುಂತಾದ, ಆಬ್ಜೆಕ್ಟ್ ಅಲ್ಲದ ಎಂಟು ಪ್ರಿಮಿಟಿವ್ ಟೈಪ್‌ಗಳಿವೆ, ಎಂಟಕ್ಕೂ ತಮ್ಮದೇ ಅರೇ ಟೈಪ್ ಇದೆ, ಮತ್ತು ಈ ಎಂಟು ಅರೇಗಳಿಗೆ ಕ್ಲೋನಬಲ್, ಸೀರಿಯಲೈಜಬಲ್ ಎಂಬ ಇಂಟರ್‌ಫೇಸ್‌ಗಳು ಮತ್ತು ಆಬ್ಜೆಕ್ಟ್ ಎಂಬ ತಾಯಿ ಕ್ಲಾಸನ್ನು ಬಿಟ್ಟರೆ ಸಮಾನವಾದದ್ದು ಏನೂ ಇಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಾಸ್ಟ್‌ನಿಂದ ಹಿಡಿಯಲು ಬರುವುದಿಲ್ಲ. ಕಾಂಪೊನೆಂಟ್ ಟೈಪಿನ ಮೇಲೆ ಇಸ್‌ಪ್ರಿಮಿಟಿವ್() ಕರೆದರೆ ಇಂಥ ಅರೇ ಹೌದೋ ಅಲ್ಲವೋ ತಿಳಿಯುತ್ತದೆ.

ಅಂಶಗಳನ್ನು ಓದಲು ಜಾವಾ.ಲ್ಯಾಂಗ್.ರಿಫ್ಲೆಕ್ಟ್ ಪ್ಯಾಕೇಜಿನ ಅರೇ ಎಂಬ ಕ್ಲಾಸ್ ಇದೆ. ಇದರ ಗೆಟ್‌ಲೆಂಗ್ತ್() ಯಾವ ಅರೇಯ ಉದ್ದವನ್ನಾದರೂ ಕೊಡುತ್ತದೆ, ಗೆಟ್() ಯಾವ ಅರೇಯ ಅಂಶವನ್ನಾದರೂ ಕೊಡುತ್ತದೆ. ಲೆಂಗ್ತ್ ಎಂಬುದನ್ನು ಫೀಲ್ಡ್ ಎಂದು ಭಾವಿಸಿ ಗೆಟ್‌ಫೀಲ್ಡ್() ಮೂಲಕ ಹುಡುಕಬೇಡಿ, ರಿಫ್ಲೆಕ್ಷನ್‌ಗೆ ಅದು ಫೀಲ್ಡ್ ಆಗಿ ಕಾಣುವುದಿಲ್ಲ. ಎಡಿಟರ್ ತಾನಾಗಿ ಇಂಪೋರ್ಟ್ ಸೇರಿಸುವಾಗಲೂ ಗಮನವಿರಲಿ: ಡೇಟಾಬೇಸ್‌ಗೆ ಸಂಬಂಧಿಸಿದ ಜಾವಾ.ಎಸ್‌ಕ್ಯೂಎಲ್ ಪ್ಯಾಕೇಜಿನಲ್ಲೂ ಅರೇ ಎಂಬ ಹೆಸರಿದೆ, ಜಾವಾ.ಯುಟಿಲ್‌ನಲ್ಲಿ ಅರೇಸ್ ಎಂಬ ಬಹುವಚನದ ಕ್ಲಾಸ್ ಇದೆ, ಈ ಮೂರೂ ಬೇರೆ ಬೇರೆ.

ಅರೇ.ಗೆಟ್() ಎಲ್ಲ ಅರೇಗಳಿಗೂ ಆಗುವುದೇನೋ ನಿಜ, ಆದರೆ ಅದು ಹಿಂತಿರುಗಿಸುವುದು ಆಬ್ಜೆಕ್ಟನ್ನು. ಇಂಟ್ ಒಂದನ್ನು ಓದಿದರೆ ಅದನ್ನು ಇಂಟೀಜರ್ ಎಂಬ ಹೊದಿಕೆಯಲ್ಲಿ ಸುತ್ತಿ ಕೊಡುತ್ತದೆ. ಹೀಗೆ ಬಂದ ಅಂಶದ ಮೇಲೆ ಗೆಟ್‌ಕ್ಲಾಸ್() ಕರೆದವರಿಗೆ ಅರೇಯಲ್ಲಿ ಇಂಟೀಜರ್‌ಗಳಿವೆ ಎಂಬ ತಪ್ಪು ಉತ್ತರ ಸಿಗುತ್ತದೆ. ಇಂಟ್.ಕ್ಲಾಸ್ ಮತ್ತು ಇಂಟೀಜರ್.ಕ್ಲಾಸ್ ಎರಡು ಬೇರೆ ಬೇರೆ ಕ್ಲಾಸ್ ಆಬ್ಜೆಕ್ಟುಗಳು, ಹೋಲಿಸಿದರೆ ಎಂದೂ ಸಮನಾಗುವುದಿಲ್ಲ. ಪ್ರಿಮಿಟಿವ್ ಅರೇಯ ಅಂಶದ ಟೈಪ್ ಬೇಕಾದಾಗ ಯಾವಾಗಲೂ ಅರೇಯ ಕಾಂಪೊನೆಂಟ್ ಟೈಪನ್ನೇ ನಂಬಿ, ಹೊರತೆಗೆದ ಅಂಶವನ್ನಲ್ಲ. ಲಕ್ಷಾಂತರ ಸಂಖ್ಯೆಗಳಿರುವ ಅರೇ ಆಗಿದ್ದರೆ ಪ್ರತಿ ಅಂಶಕ್ಕೂ ಹೊದಿಕೆ ಮಾಡುವ ಖರ್ಚೂ ಸಣ್ಣದಲ್ಲ. ಅಂಥಲ್ಲಿ ಟೈಪ್ ಇಂಟ್ ಎಂದು ತಿಳಿದ ಕೂಡಲೇ ಇಂಟ್[]ಗೆ ಕಾಸ್ಟ್ ಮಾಡಿ ನೇರವಾಗಿ ಓದುವುದೇ ಸರಿಯಾದ ದಾರಿ.

ಕಾಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗೂ ಇದು ಅನ್ವಯಿಸುತ್ತದೆ. ಅಲ್ಲಿಯ ಇಂಟ್‌ಅರೇ ಜಾವಾದ ಇಂಟ್[] ಆಗುತ್ತದೆ, ಅರೇ<ಇಂಟ್> ಎಂಬುದು ಇಂಟೀಜರ್[] ಆಗುತ್ತದೆ.

ಐದನೆಯ ಹಂತ: ಒಂದು ಟೈಪ್ ಇನ್ನೊಂದಕ್ಕೆ ಹೊಂದುತ್ತದೆಯೇ?

ಅರೇ ಸಂಖ್ಯೆಗಳದ್ದೇ ಎಂದು ತಿಳಿಯಬೇಕಿದೆ ಎನ್ನಿ. ಕಾಂಪೊನೆಂಟ್ ಟೈಪ್ ನಂಬರ್‌ಗೆ ಸಮವೇ ಎಂದು ನೋಡಿದರೆ ಇಂಟೀಜರ್[] ತಪ್ಪಿಹೋಗುತ್ತದೆ. ನಂಬರ್.ಕ್ಲಾಸ್ ಮೇಲೆ ಇಸ್‌ಅಸೈನಬಲ್‌ಫ್ರಮ್() ಕರೆದು ಕಾಂಪೊನೆಂಟ್ ಟೈಪನ್ನು ಒಳಗೆ ಕೊಡಬೇಕು. ಈ ಮೆಥಡಿನ ದಿಕ್ಕು ಅನುಭವಿಗಳನ್ನೂ ಗೊಂದಲಗೊಳಿಸುತ್ತದೆ. ಚುಕ್ಕಿಯ ಎಡಗಡೆ ಇರುವುದು ಪಡೆಯುವ ಪಾತ್ರೆ, ಆವರಣದೊಳಗೆ ಇರುವುದು ಸುರಿಯುವ ವಸ್ತು ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಇಲ್ಲಿಯೂ ಪ್ರಿಮಿಟಿವ್ ಹೊರಗುಳಿಯುತ್ತದೆ: ನಂಬರ್.ಕ್ಲಾಸ್ ಇಂಟ್.ಕ್ಲಾಸ್ ಅನ್ನು ಒಪ್ಪುವುದಿಲ್ಲ, ಆಬ್ಜೆಕ್ಟ್.ಕ್ಲಾಸ್ ಕೂಡ ಒಪ್ಪುವುದಿಲ್ಲ.

ಒಂದೊಂದು ಅಂಶವನ್ನೂ ಪರೀಕ್ಷಿಸುವುದಾದರೆ ಇಸ್‌ಇನ್‌ಸ್ಟೆನ್ಸ್() ಅನುಕೂಲ. ನಲ್ ಅಂಶಕ್ಕೆ ಅದು ಫಾಲ್ಸ್ ಎನ್ನುತ್ತದೆ, ಎಕ್ಸೆಪ್ಶನ್ ಎಸೆಯುವುದಿಲ್ಲ. ಅದೇ ಅಂಶದ ಮೇಲೆ ಗೆಟ್‌ಕ್ಲಾಸ್() ಕರೆದರೆ ನಲ್‌ಪಾಯಿಂಟರ್‌ಎಕ್ಸೆಪ್ಶನ್ ಖಂಡಿತ.

ಆರನೆಯ ಹಂತ: ಫೀಲ್ಡ್ ಅನ್ನು ಕೇಳುವುದು, ಮತ್ತು ಜೆನೆರಿಕ್ಸ್

ಆಬ್ಜೆಕ್ಟ್ ಕೈಯಲ್ಲಿಲ್ಲ, ಕ್ಲಾಸ್ ಮಾತ್ರ ಇದೆ ಎಂಬ ಸಂದರ್ಭಗಳು ಹಲವು. ಜೇಸನ್ ಎಂಬ ಡೇಟಾ ರೂಪದ ಪಠ್ಯದಿಂದ ಆಬ್ಜೆಕ್ಟ್ ಕಟ್ಟುವ ಲೈಬ್ರರಿಗಳೆಲ್ಲ ಈ ಸ್ಥಿತಿಯಲ್ಲೇ ಕೆಲಸ ಮಾಡಬೇಕು. ಆಗ ಫೀಲ್ಡಿನ ಗೆಟ್‌ಟೈಪ್() ಕರೆದು, ಬಂದ ಕ್ಲಾಸಿನ ಮೇಲೆ ಮೊದಲೆರಡು ಹಂತಗಳನ್ನು ಅನುಸರಿಸಬೇಕು. ಫೀಲ್ಡ್ ಪ್ರೈವೇಟ್ ಆಗಿದ್ದರೂ ಅದರ ಟೈಪನ್ನು ಓದಲು ಸೆಟ್‌ಆಕ್ಸೆಸಿಬಲ್() ಬೇಕಿಲ್ಲ, ಅದು ಬೇಕಾಗುವುದು ಮೌಲ್ಯವನ್ನು ಓದಲು ಮಾತ್ರ.

ಫೀಲ್ಡ್ ಟಿ[] ಎಂದು ಜೆನೆರಿಕ್ ಆಗಿದ್ದರೆ (ಟಿ ಎಂದರೆ ಬಳಸುವವರು ಆಮೇಲೆ ಸೂಚಿಸುವ ಟೈಪ್) ಗೆಟ್‌ಟೈಪ್() ಆಬ್ಜೆಕ್ಟ್[] ಎನ್ನುತ್ತದೆ. ಟಿ ಮೇಲೆ ಮಿತಿ ಹಾಕಿದ್ದರೆ ಆ ಮಿತಿಯ ಅರೇ ಎನ್ನುತ್ತದೆ. ಲಿಸ್ಟ್<ಸ್ಟ್ರಿಂಗ್>[] ಆಗಿದ್ದರೆ ಲಿಸ್ಟ್[] ಎಂದಷ್ಟೇ ಹೇಳಿ ಒಳಗಿನ ಸ್ಟ್ರಿಂಗ್ ಅನ್ನು ಬಿಟ್ಟುಬಿಡುತ್ತದೆ. ಪೂರ್ಣ ವಿವರ ಬೇಕಾದರೆ ಗೆಟ್‌ಜೆನೆರಿಕ್‌ಟೈಪ್() ಕರೆಯಬೇಕು. ಈ ಎರಡು ಫೀಲ್ಡುಗಳಿಗೂ ಅದು ಕೊಡುವುದು ಜೆನೆರಿಕ್‌ಅರೇಟೈಪ್ ಎಂಬ ಇಂಟರ್‌ಫೇಸಿನ ಆಬ್ಜೆಕ್ಟನ್ನು, ಅದರ ಮೇಲೆ ಗೆಟ್‌ಜೆನೆರಿಕ್‌ಕಾಂಪೊನೆಂಟ್‌ಟೈಪ್() ಕರೆದರೆ ಒಳಗಿನ ಪದರ ಸಿಗುತ್ತದೆ. ಫೀಲ್ಡ್ ಘೋಷಣೆಯಲ್ಲಿ ಬರೆದ ಜೆನೆರಿಕ್ ವಿವರ ಕ್ಲಾಸ್ ಫೈಲಿನಲ್ಲಿ ಉಳಿದುಕೊಂಡಿರುತ್ತದೆ, ಅಳಿದುಹೋಗುವುದು ಆಬ್ಜೆಕ್ಟುಗಳ ಮೇಲಿನ ಗುರುತು.

ಈ ಅಳಿಸುವಿಕೆಯ ಪರಿಣಾಮ ಅರೇ ಸೃಷ್ಟಿಸುವಾಗಲೂ ಕಾಡುತ್ತದೆ. ನ್ಯೂ ಟಿ[10] ಎಂದು ಬರೆಯಲು ಕಂಪೈಲರ್ ಬಿಡುವುದಿಲ್ಲವಾದ್ದರಿಂದ ಹಲವರು ಆಬ್ಜೆಕ್ಟ್[] ಮಾಡಿ ಅದನ್ನು ಟಿ[] ಎಂದು ಕಾಸ್ಟ್ ಮಾಡುತ್ತಾರೆ. ಆ ಅರೇ ಕ್ಲಾಸಿನ ಒಳಗೇ ಉಳಿದರೆ ತೊಂದರೆಯಿಲ್ಲ. ಹೊರಗೆ ಕೊಟ್ಟಾಗ, ಅದನ್ನು ಸ್ಟ್ರಿಂಗ್[] ಎಂದು ನಂಬಿ ಪಡೆದವರ ಸಾಲಿನಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಬೀಳುತ್ತದೆ. ತಪ್ಪು ಮಾಡಿದವರೊಬ್ಬರು, ಅನುಭವಿಸುವವರು ಇನ್ನೊಬ್ಬರು. ಇದರ ಬದಲಿಗೆ ಕ್ಲಾಸ್<ಟಿ> ಒಂದನ್ನು ಪ್ಯಾರಾಮೀಟರ್ ಆಗಿ ಪಡೆದು, ಅರೇ.ನ್ಯೂಇನ್‌ಸ್ಟೆನ್ಸ್()ಗೆ ಆ ಕ್ಲಾಸನ್ನೂ ಉದ್ದವನ್ನೂ ಕೊಟ್ಟು ಸರಿಯಾದ ಟೈಪಿನ ಅರೇಯನ್ನೇ ಹುಟ್ಟಿಸಿಕೊಳ್ಳಬೇಕು. ಇರುವ ಅರೇಯಂಥದೇ ಇನ್ನೊಂದು ಬೇಕಾದರೆ ಅರೇಸ್.ಕಾಪಿಆಫ್() ಸಾಕು, ಅದು ಮೂಲ ಅರೇಯ ಟೈಪನ್ನು ಹಾಗೆಯೇ ಉಳಿಸುತ್ತದೆ.

ಘೋಷಿತ ಟೈಪನ್ನೂ ಅರೇಯ ಸ್ವಂತ ಟೈಪನ್ನೂ ಒಂದೇ ಎಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಜಾವಾದ ಸ್ವಂತ ಲೈಬ್ರರಿಯಲ್ಲೇ ಒಂದು ನಿದರ್ಶನವಿತ್ತು. ಲಿಸ್ಟಿನ ಅಂಶಗಳನ್ನು ಅರೇಯಾಗಿ ಕೊಡುವ ಟುಅರೇ() ಆಬ್ಜೆಕ್ಟ್[] ಕೊಡಬೇಕೆಂಬುದು ನಿಯಮ, ಅರೇಲಿಸ್ಟ್ ಹಾಗೆಯೇ ಕೊಡುತ್ತಿತ್ತು. ಆದರೆ ಅರೇಸ್.ಆಸ್‌ಲಿಸ್ಟ್() ಮೂಲಕ ಸ್ಟ್ರಿಂಗ್[] ಒಂದರಿಂದ ಮಾಡಿದ ಲಿಸ್ಟ್ ಘೋಷಣೆಯಲ್ಲಿ ಆಬ್ಜೆಕ್ಟ್[] ಎಂದಿದ್ದರೂ ನಿಜದಲ್ಲಿ ಸ್ಟ್ರಿಂಗ್[] ಅನ್ನೇ ಕೊಡುತ್ತಿತ್ತು. ಅದರಲ್ಲಿ ಬೇರೆ ಆಬ್ಜೆಕ್ಟ್ ಬರೆಯಲು ಹೋದವರಿಗೆ ಅರೇಸ್ಟೋರ್‌ಎಕ್ಸೆಪ್ಶನ್ ಕಾದಿರುತ್ತಿತ್ತು. ಅದನ್ನು ಸರಿಪಡಿಸಿದ್ದು 2017ರ ಜಾವಾ 9ರಲ್ಲಿ.

ಸಿ ಶಾರ್ಪ್ (ಡಾಟ್‌ನೆಟ್ ವೇದಿಕೆಯ ಭಾಷೆ) ಬಳಸುವವರಿಗೆ

ಡಾಟ್‌ನೆಟ್‌ನಲ್ಲಿ ಇಸ್‌ಅರೇ ಎಂಬುದು ಪ್ರಾಪರ್ಟಿ, ಒಳಗಿನ ಟೈಪ್ ಕೊಡುವ ಮೆಥಡ್ ಗೆಟ್‌ಎಲಿಮೆಂಟ್‌ಟೈಪ್(). ಅಲ್ಲಿ ನಿಜವಾದ ಎರಡು ಆಯಾಮದ ಅರೇ ಇರುವುದರಿಂದ ಇಂಟ್[,]ನ ಎಲಿಮೆಂಟ್ ಟೈಪ್ ನೇರವಾಗಿ ಇಂಟ್ ಆಗಿರುತ್ತದೆ, ಆಯಾಮಗಳ ಸಂಖ್ಯೆಯನ್ನು ಗೆಟ್‌ಅರೇರ‍್ಯಾಂಕ್() 2 ಎಂದು ತಿಳಿಸುತ್ತದೆ. ಇಂಟ್[][] ಆದರೆ ಜಾವಾದಂತೆಯೇ ಅರೇಗಳ ಅರೇ. ರ‍್ಯಾಂಕ್ 1, ಎಲಿಮೆಂಟ್ ಟೈಪ್ ಇಂಟ್[]. ಆಬ್ಜೆಕ್ಟ್ ವೇರಿಯಬಲ್ಲಿನಲ್ಲಿ ಯುಇಂಟ್[] ಇಟ್ಟು, ಅದು ಇಂಟ್[] ಹೌದೇ ಎಂದು ಇಸ್ ಆಪರೇಟರ್ ಮೂಲಕ ಕೇಳಿದರೆ ಟ್ರೂ ಎಂಬ ಉತ್ತರ ಬರುತ್ತದೆ, ಏಕೆಂದರೆ ಡಾಟ್‌ನೆಟ್ ರನ್‌ಟೈಮ್ ಒಂದೇ ಗಾತ್ರದ ಈ ಎರಡು ಪೂರ್ಣಾಂಕಗಳ ಅರೇಗಳನ್ನು ಪರಸ್ಪರ ಹೊಂದುವವೆಂದು ಪರಿಗಣಿಸುತ್ತದೆ. ನಿಖರವಾಗಿ ತಿಳಿಯಬೇಕಾದರೆ ಗೆಟ್‌ಟೈಪ್() ಕರೆದು ಟೈಪ್‌ಆಫ್ ಜೊತೆ ಹೋಲಿಸಬೇಕು.

ಬರೆದದ್ದನ್ನು ಪರೀಕ್ಷಿಸುವುದು

ಈ ಹಂತಗಳನ್ನು ಸೇರಿಸಿ ನಿಮ್ಮದೇ ಒಂದು ಮೆಥಡ್ ಬರೆದ ಮೇಲೆ, ಸ್ಟ್ರಿಂಗ್[] ಒಂದನ್ನು ಕೊಟ್ಟು ನೋಡಿ ತೃಪ್ತರಾಗಬೇಡಿ. ನಾನು ಮಾಡಿದ ತಪ್ಪು ಅದೇ. ಉದ್ದ ಸೊನ್ನೆಯಿರುವ ಇಂಟ್[] ಕೊಡಿ. ನ್ಯೂ ಇಂಟ್[3][] ಎಂದು ಮಾಡಿದ ಅರೇ ಕೊಡಿ, ಅದರ ಮೂರು ಸಾಲುಗಳೂ ನಲ್ ಆಗಿರುತ್ತವೆ, ಆದರೂ ಎಲಿಮೆಂಟ್ ಟೈಪ್ ಇಂಟ್ ಎಂದೇ ಬರಬೇಕು. ಆಬ್ಜೆಕ್ಟ್[] ವೇರಿಯಬಲ್ಲಿನಲ್ಲಿಟ್ಟ ಸ್ಟ್ರಿಂಗ್[] ಕೊಡಿ, ಉತ್ತರ ಸ್ಟ್ರಿಂಗ್ ಆಗಿರಬೇಕು. ಆಬ್ಜೆಕ್ಟ್[] ಆಗಿಯೇ ಹುಟ್ಟಿ ಒಳಗೆ ಸ್ಟ್ರಿಂಗ್‌ಗಳನ್ನಷ್ಟೇ ಹೊಂದಿರುವ ಅರೇ ಕೊಡಿ, ಆಗ ಅರೇಯ ಉತ್ತರ ಆಬ್ಜೆಕ್ಟ್, ಅಂಶಗಳ ಉತ್ತರ ಸ್ಟ್ರಿಂಗ್ ಆಗಿರಬೇಕು. ಕೊನೆಗೆ ಇಂಟ್[] ಮತ್ತು ಇಂಟೀಜರ್[] ಎರಡನ್ನೂ ಒಂದರ ಹಿಂದೆ ಒಂದು ಕೊಟ್ಟು, ಎರಡಕ್ಕೂ ಬೇರೆ ಬೇರೆ ಉತ್ತರ ಬರುತ್ತದೆಯೇ ನೋಡಿ. ನನ್ನ ಉಪಕರಣಕ್ಕೆ ಈ ಐದು ಪರೀಕ್ಷೆಗಳನ್ನು ಸೇರಿಸಿದ ದಿನವೇ ಇನ್ನೂ ಎರಡು ದೋಷಗಳು ಸಿಕ್ಕಿದವು, ಎರಡೂ ಅರೇ.ಗೆಟ್()ನಿಂದ ಹೊರಬಂದ ಇಂಟೀಜರ್ ಅನ್ನು ನಾನು ನಂಬಿದ್ದರಿಂದ ಆದವು.